ಸ್ಟಾರ್ಟ್ ಅನ್ನುವ ಮೊದಲು ಹಗ್ಗ ಜಗ್ಗಿ ನೋಡಿದವರು ಯಾರು?

ಚಿತ್ರರಸಿಕರೇ, ನೀವು ಈ ಪುಟ ಓದುತ್ತಿರುವುದು ಬಹುಶಃ ಬಸ್ಸಿನ ಕಿಟಕಿ ಪಕ್ಕ ಕೂತು. ನಡುಪುಟದ ನಾಯಕಿಯ ಬಣ್ಣದ ಚಿತ್ರ ನೋಡಿ ಆಗಿದೆ, ಯಾರ ಚಿತ್ರ ಎಷ್ಟು ದಿನ ಓಡಿತು ಅಂತಲೂ ಗೊತ್ತಾಗಿದೆ. ಇನ್ನೊಂದು ಸಲ ಆ ನಡುಪುಟ ತೆಗೆಯಿರಿ. ನಾಯಕಿಯ ಕೆನ್ನೆಯ ಮೇಲೆ ಬೆಣ್ಣೆ ಸವರಿದ ಹಾಗೆ ಬಿದ್ದಿದೆಯಲ್ಲ, ಆ ಬೆಳಕು ಎಲ್ಲಿಂದ ಬಂತು? ಚಂದ್ರನಿಂದಂತೂ ಅಲ್ಲ! ಹದಿನೆಂಟೋ ಇಪ್ಪತ್ತೋ ಅಡಿ ಮೇಲೆ ಯಾವನೋ ಒಬ್ಬ ಹುಡುಗ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾದ ಲೈಟನ್ನು ಬಟ್ಟೆ ಸುತ್ತಿದ ಕೈಯಿಂದ ತಿರುಗಿಸಿದ್ದಾನೆ. ಆ ಹಲಗೆ ಗಟ್ಟಿ ಇತ್ತೇ? ಅವನು ಹತ್ತುವ ಮುಂಚೆ ಯಾರಾದರೂ ಅದನ್ನು ಅಲ್ಲಾಡಿಸಿ ನೋಡಿದ್ದರೇ?

ಈ ಪ್ರಶ್ನೆ ನನಗೆ ಹತ್ತಿದ್ದು ಗಾಂಧಿನಗರದಲ್ಲಲ್ಲ, ನಮ್ಮೂರು ಔರಾದದಲ್ಲಿ. ಬೀದರ ಜಿಲ್ಲೆಯ ಔರಾದ ಅಂದರೆ ಕರ್ನಾಟಕದ ನೆತ್ತಿ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ನಮ್ಮ ಜನ ಅಮಿತಾಭನಿಗೂ ಶಿಳ್ಳೆ ಹಾಕುತ್ತಾರೆ, ಅಣ್ಣಾವ್ರಿಗೂ ಹಾಕುತ್ತಾರೆ, ತೆಲುಗಿನ ಚಿರಂಜೀವಿಗೂ ಹಾಕುತ್ತಾರೆ. ಬೆಂಗಳೂರು ನಮಗೆ 700 ಕಿಲೋಮೀಟರಿಗೂ ದೂರ. ಸಿನಿಮಾ ಮಾತ್ರ ಮನೆಯೊಳಗೇ ಇದೆ.

ಮಾಮಾನ ಅರ್ಧ ತಾಸು

ನನ್ನ ಸೋದರಮಾವ ಔರಾದದಲ್ಲಿ ಮಿಸ್ತ್ರಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಹೈದರಾಬಾದಿನ ಸೈಟುಗಳಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿ, ಈಗ ಮನೆ, ಮಳಿಗೆ, ಕಂಪೌಂಡು ಅಂತ ಗುತ್ತಿಗೆ ಹಿಡಿಯುತ್ತಾರೆ. ಪಿಯುಸಿ ಅರ್ಧಕ್ಕೇ ಬಿಟ್ಟು ಬಂದ ನನ್ನನ್ನು ಅಪ್ಪ ಬೈದು ಅವರ ಕೈಗೆ ಒಪ್ಪಿಸಿದ್ದರು. ಎಂಟು ತಿಂಗಳು ಇಟ್ಟಿಗೆ ಹೊತ್ತೆ, ಮಾಲು ಕಲಸಿದೆ. ಅಂಗೈ ಸುಲಿದದ್ದು ಒಂದು ಕಡೆ ಇರಲಿ, ಅಲ್ಲಿ ಕಂಡ ಒಂದು ಸಂಗತಿ ಇಂದಿಗೂ ಮರೆತಿಲ್ಲ.

ಬೆಳಿಗ್ಗೆ ಕೂಲಿಗಳು ಬಂದು ನಿಂತರೆ ಮಾಮಾ ಯಾರನ್ನೂ ಸಾರುವೆ ಹತ್ತಲು ಬಿಡುತ್ತಿರಲಿಲ್ಲ. ಸಾರುವೆ ಅಂದರೆ ಗೊತ್ತಲ್ಲ, ಗೋಡೆ ಕಟ್ಟುವವರು ನಿಲ್ಲಲು ಬಿದಿರು ಬಿಗಿದು ಹಲಗೆ ಹಾಸಿದ ಅಟ್ಟ. ಮೊದಲು ಮಾಮಾ ಒಬ್ಬರೇ ಅದರ ಸುತ್ತ ಒಂದು ಸುತ್ತು ಬರುವರು. ಒಂದೊಂದೇ ಬಿದಿರು ಹಿಡಿದು ಅಲ್ಲಾಡಿಸುವರು. ಗಂಟು ಹಾಕಿದ ಹಗ್ಗಕ್ಕೆ ತಮ್ಮ ಮೈಭಾರವೆಲ್ಲ ಹಾಕಿ ಜಗ್ಗುವರು. ಬಿದಿರಿನ ಬುಡ ಮಣ್ಣಿನಲ್ಲಿ ಇಳಿದಿದೆಯೋ, ಹಲಗೆಯ ತುದಿ ಎಷ್ಟು ಚಾಚಿದೆಯೋ ಬಗ್ಗಿ ನೋಡುವರು. ತುದಿ ತೀರ ಗಿಡ್ಡ ಇದ್ದರೆ ಹಲಗೆ ಜಾರುತ್ತದೆ. ತೀರ ಉದ್ದ ಇದ್ದರೆ ಅಲ್ಲಿ ಕಾಲಿಟ್ಟವನ ಕೆಳಗೆ ಏತದ ಹಾಗೆ ಏಳುತ್ತದೆ. ರಾತ್ರಿ ಮಳೆ ಬಂದಿದ್ದರಂತೂ ಎಲ್ಲ ಗಂಟೂ ಹೊಸದಾಗಿ ಬಿಗಿಯಬೇಕು. ನೆನೆದು ಒಣಗಿದ ಹಗ್ಗವನ್ನು ಅವರು ನಂಬುತ್ತಿರಲಿಲ್ಲ.

ಇದಕ್ಕೆಲ್ಲ ಅರ್ಧ ತಾಸು ಹೋಗುತ್ತಿತ್ತು. ಒಂದು ದಿನ ಮನೆ ಕಟ್ಟಿಸುವ ಸಾವಕಾರರು ಕೈಗಡಿಯಾರ ತೋರಿಸಿದರು.

"ಮಿಸ್ತ್ರಿ, ಟೈಮ್ ಎಷ್ಟಾತು ನೋಡ್ರಿ. ನಿಂತವರಿಗಿ ಪಗಾರ ನಾ ಕೊಡ್ಲತ್ತೀನಿ."

ಮಾಮಾ ಹಗ್ಗ ಬಿಡದೇ ಅಂದರು: "ಪಗಾರ ನೀವೇ ಕೊಡ್ತೀರಿ ಸಾವಕಾರ್ರ, ಇಲ್ಲ ಅನ್ನಲ್ಲ. ಆದ್ರ ಇಂವಾ ಬಿದ್ರ ಇವನ ಮನಿಗಿ ಹೋಗಿ ಅವ್ವಗ ಹೇಳಾಂವ ನಾ ಇದ್ದೀನಿ."

ಸಾವಕಾರರು ಗಡಿಯಾರ ಕೆಳಗಿಳಿಸಿದರು. ನನಗೆ ಆಗ ನಗು ಬಂದಿತ್ತು. ಮಾಮಾ ಡೈಲಾಗ್ ಹೊಡೆದರು ಅನ್ನಿಸಿತ್ತು!

ನಾನು ಬಾಯಿ ಮುಚ್ಚಿದ ದಿನ

ಸಿನಿಮಾ ಹುಚ್ಚು ಸುಮ್ಮನೆ ಬಿಡುತ್ತದೆಯೇ? 2017ರಲ್ಲಿ ಬೆಂಗಳೂರು ಬಸ್ಸು ಹತ್ತಿದೆ. ಪತ್ರಿಕೆಗೆ ಬರೆಯಬೇಕು ಅಂತ ಆಸೆ, ಆದರೆ ಬರೆದವನಿಗೆ ಯಾರೂ ಊಟ ಹಾಕಲಿಲ್ಲ. ಹೊಟ್ಟೆಪಾಡಿಗೆ ಸೆಟ್ಟಿನಲ್ಲಿ ಸಾಮಾನು ಎತ್ತುವ ಕೆಲಸ ಹಿಡಿದೆ. ಕೋಣೆಯಲ್ಲಿ ಜೊತೆಗಿದ್ದವನು ಭಾಲ್ಕಿಯ ಹುಡುಗ, ಲೈಟ್‌ಬಾಯ್. ಊರು ಹತ್ತಿರ, ಮಾತು ಒಂದೇ. ಇಬ್ಬರಿಗೂ ಬೆಂಗಳೂರಿನ ಕನ್ನಡ ಕೇಳಿದರೆ ನಗು, ಬೆಂಗಳೂರಿನವರಿಗೆ ನಮ್ಮದು ಕೇಳಿದರೆ ನಗು. ದೋಸ್ತಿ ಆಗಲು ಇನ್ನೇನು ಬೇಕು?

ಆ ಚಿತ್ರದ ಹೆಸರು ಹೇಳುವುದಿಲ್ಲ. ಬಂತು, ಹೋಯಿತು. ಊರ ಹೊರಗಿನ ಒಂದು ಗೋದಾಮಿನಲ್ಲಿ ಹಾಡಿನ ಸೆಟ್ಟು. ಮೂಲೆಯಲ್ಲಿ ಕಬ್ಬಿಣದ ಪೈಪು ಜೋಡಿಸಿದ ಹದಿನೆಂಟು ಅಡಿಯ ಅಟ್ಟಣೆ. ಅದರ ನಾಲ್ಕು ಕಾಲಿನಲ್ಲಿ ಒಂದು ನೆಲಕ್ಕೆ ಮುಟ್ಟದೆ ಎರಡು ಇಟ್ಟಿಗೆಯ ಮೇಲೆ ಕೂತಿತ್ತು. ನಡುವಿನ ಒಂದು ಕ್ಲಾಂಪು ಇರಲೇ ಇಲ್ಲ, ಅಲ್ಲಿ ತಂತಿ ಸುತ್ತಿದ್ದರು.

ನಾನು ನೋಡಿದೆ. ಎಂಟು ತಿಂಗಳು ಮಾಮಾನ ಹಿಂದೆ ತಿರುಗಿದವನು ನೋಡದೇ ಇರುತ್ತೇನೆಯೇ? ಹೇಳಬೇಕು ಅಂತ ಮ್ಯಾನೇಜರ ಕಡೆ ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಆತ, "ಹೀರೋ ಕಾಲ್‌ಶೀಟು ಆರಕ್ಕೆ ಮುಗಿಯುತ್ತೆ, ಯಾರಾದ್ರೂ ಅಡ್ಡ ಬಂದ್ರೆ ನಾಳೆಯಿಂದ ಬರಬೇಡಿ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ನಾನು ಹಿಂದೆ ಸರಿದೆ. ಹೊಸಬ, ದಿನಗೂಲಿ. ದೊಡ್ಡವರು ನೋಡಿಯೇ ಇರುತ್ತಾರೆ ಅಂದುಕೊಂಡೆ.

ಇಪ್ಪತ್ತು ನಿಮಿಷದ ನಂತರ ಕ್ಯಾಮೆರಾ ಸಹಾಯಕ "ಲೈಟು ಇನ್ನೊಂದು ಸ್ವಲ್ಪ ಎಡಕ್ಕೆ" ಅಂದ. ದೋಸ್ತ ಎಡಕ್ಕೆ ಬಾಗಿದ. ಇಟ್ಟಿಗೆ ಉರುಳಿತು.

ಸಪ್ಪಳ ದೊಡ್ಡದೇನೂ ಆಗಲಿಲ್ಲ. ಸಿನಿಮಾದಲ್ಲಿ ಬೀಳುವವರು ಚೀರುತ್ತಾರೆ, ಅವನು ಚೀರಲೂ ಇಲ್ಲ. ಹದಿನೆಂಟು ಅಡಿಯಿಂದ ನೆಲಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು, ಅಷ್ಟೇ. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಈಗ ಒಳಗೆ ರಾಡು ಇದೆ. ಕಂಪನಿಯವರು ಕೈಗಿಟ್ಟ ದುಡ್ಡು ಆಪರೇಷನ್ನಿಗೂ ಸಾಲಲಿಲ್ಲ. ಅವನ ಅಪ್ಪ ಭಾಲ್ಕಿಯಲ್ಲಿ ಅರ್ಧ ಎಕರೆ ಮಾರಿದರು. ಅವನೀಗ ಅಲ್ಲೇ ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದಾನೆ. ಕುಂಟುತ್ತಾನೆ, ಆದರೆ ಮಾತು ಮಾತ್ರ ಹಳೆಯದೇ.

ಒಂದು ಸಲ ಅಂಗಡಿಗೆ ಹೋದಾಗ ಅವನಂದ: "ಆ ಪಿಕ್ಚರ್ ನೋಡ್ದಿ ಏನಲೇ? ನಾ ಬಿದ್ದ ಹಾಡೇ ಇಲ್ಲ ಅದ್ರಾಗ. ಕಟ್ ಮಾಡ್ಯಾರ!"

ಕಾಲು ಇಟ್ಟಿಗೆಯ ಮೇಲೆ ಇದ್ದದ್ದನ್ನು ನಾನು ನೋಡಿದ್ದೆ ಅಂತ ಅವನಿಗೆ ಹೇಳಿದ್ದು ಎರಡು ವರ್ಷದ ನಂತರ. ಅವನು ಸುಮಾರು ಹೊತ್ತು ಸ್ಕ್ರೂ ಡ್ರೈವರ್ ತಿರುಗಿಸುತ್ತಾ ಕೂತ. ಆಮೇಲೆ ಚಹಾ ತರಿಸಿದ.

ಕೆರೆ, ತಂತಿ, ಗೋಣಿಚೀಲ

ನನ್ನದು ಸಣ್ಣ ಕಥೆ. ದೊಡ್ಡವು ನಿಮಗೆ ಗೊತ್ತೇ ಇವೆ.

ನಾನು ಬೆಂಗಳೂರಿಗೆ ಹೋಗುವ ಹಿಂದಿನ ವರ್ಷ, 2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸ್. ನಾಯಕ ದುನಿಯಾ ವಿಜಯ್, ಖಳರ ಪಾತ್ರದ ಅನಿಲ್ ಮತ್ತು ಉದಯ್, ಮೂವರೂ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ವಿಜಯ್ ಬದುಕಿ ದಡ ಸೇರಿದರು. ಅನಿಲ್, ಉದಯ್ ಮುಳುಗಿದರು. ಶವಕ್ಕಾಗಿ ದಿನಗಟ್ಟಲೆ ಹುಡುಕಬೇಕಾಯಿತು. ಇಡೀ ನಾಡು ಅದನ್ನು ಟಿವಿಯಲ್ಲಿ ಮತ್ತೆ ಮತ್ತೆ ನೋಡಿತು. ಹಾರಿದ್ದು, ನೀರು ಚಿಮ್ಮಿದ್ದು, ಎರಡು ತಲೆ ಮೇಲೆ ಬಂದದ್ದು, ಮತ್ತೆ ಕಾಣದೇ ಹೋದದ್ದು....

ಅದಕ್ಕಿಂತ ಎದೆ ಹಿಂಡುವುದು ಹಾರುವ ಮುಂಚಿನ ಮಾತು. ಟಿವಿಯವರ ಮುಂದೆ ಆ ಹುಡುಗರು ತಮಗೆ ಈಜು ಅಷ್ಟಕ್ಕಷ್ಟೇ ಎಂದೂ, ಎತ್ತರ ಎಂದರೆ ಅಂಜಿಕೆ ಎಂದೂ ನಗುನಗುತ್ತಾ ಹೇಳಿಕೊಂಡಿದ್ದರು. ಅಂದರೆ ಅಪಾಯ ಏನೆಂದು ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಸಾಯುವವರೇ ಮೈಕು ಹಿಡಿದು ಹೇಳಿದ್ದರು! ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಪೊಲೀಸರು ಪ್ರಕರಣ ದಾಖಲಿಸಿದರು. ಯಾರ ತಪ್ಪು ಎಷ್ಟು ಎಂಬುದು ಕೋರ್ಟಿನ ಕೆಲಸ, ಸಿನಿಮಾ ಪತ್ರಿಕೆಯವನ ಕೆಲಸ ಅಲ್ಲ. ಚಿತ್ರ 2017ರ ಮೇ ತಿಂಗಳಲ್ಲಿ ತೆರೆಗೆ ಬಂತು.

ಈ ದೃಶ್ಯವನ್ನು ನಾನು ಫೋನಿನಲ್ಲಿ ಮಾಮಾನಿಗೆ ತೋರಿಸಿದ್ದೆ. ಅವರು ಎರಡನೇ ಸಲ ನೋಡಲಿಲ್ಲ. ಮೂರು ಪ್ರಶ್ನೆ ಕೇಳಿದರು.

"ಇವರಿಗಿ ಈಸಲಕ್ ಬರ್ತದೇನು?"

"ಅಷ್ಟಕ್ಕಷ್ಟೇ ಅಂತ ಮಾಮಾ."

"ಬೀಳಾ ಜಾಗಾದಾಗ ಮೊದಲೇ ಎಷ್ಟು ದೋಣಿ ನಿಂತಿದ್ವು? ನೀರಾಗ ಈಸಾವ್ರು ಎಷ್ಟು ಮಂದಿ ಇದ್ರು?"

"ಸಾಕಾಗುವಷ್ಟು ಇರಲಿಲ್ಲ."

"ಬ್ಯಾಡ ಅನ್ನಾಂವ ಯಾರು?"

ಈ ಮೂರನೆಯದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಸೆಟ್ಟಿನಲ್ಲಿ ಸ್ಟಾರ್ಟ್ ಅನ್ನುವವರಿದ್ದಾರೆ, ಕಟ್ ಅನ್ನುವವರಿದ್ದಾರೆ. ಕೂದಲು ಸರಿ ಮಾಡುವವರು, ಕೊಡೆ ಹಿಡಿಯುವವರು, ಹಿಂದಿನ ಶಾಟಿನಲ್ಲಿ ಅಂಗಿಯ ಗುಂಡಿ ಹಾಕಿತ್ತೋ ಬಿಚ್ಚಿತ್ತೋ ಅಂತ ಬರೆದಿಡುವವರೂ ಇದ್ದಾರೆ. ಬೇಡ ಅನ್ನುವ ಹಕ್ಕಿರುವ ಒಬ್ಬ ಮನುಷ್ಯ? ನಾನು ದುಡಿದ ಯಾವ ಸೆಟ್ಟಿನಲ್ಲೂ ಕಾಣಲಿಲ್ಲ.

ಮಾಸ್ತಿಗುಡಿಯ ನಂತರ ಎಲ್ಲರೂ ಪಾಠ ಕಲಿತೆವು ಅಂದರು. 2021ರ ಆಗಸ್ಟ್ 9ರಂದು ಬಿಡದಿ ಬಳಿ 'ಲವ್ ಯೂ ರಚ್ಚು' ಚಿತ್ರದ ಹೊಡೆದಾಟದ ದೃಶ್ಯ. ಕ್ರೇನು, ಲೋಹದ ಹಗ್ಗ, ಮೇಲೆ ಹೈಟೆನ್ಷನ್ ತಂತಿ. ಒಬ್ಬ ಫೈಟರ್ ವಿದ್ಯುತ್ ತಗುಲಿ ಸತ್ತ, ಇನ್ನೊಬ್ಬ ಗಾಯಗೊಂಡ. ಹೈಟೆನ್ಷನ್ ತಂತಿಯ ಗುಣ ಬಲ್ಲವರು ಹೇಳುತ್ತಾರೆ, ಅದನ್ನು ಮುಟ್ಟಲೇಬೇಕು ಅಂತಿಲ್ಲ, ಲೋಹ ತೀರ ಹತ್ತಿರ ಬಂದರೂ ಕಿಡಿ ಹಾರಿ ಹಿಡಿಯುತ್ತದೆ. ತಂತಿ ಆಕಾಶದಲ್ಲಿ ಬಚ್ಚಿಟ್ಟುಕೊಂಡಿರಲಿಲ್ಲ. ಬೆಳಗಿನಿಂದ ಎಲ್ಲರ ತಲೆಯ ಮೇಲೇ ಇತ್ತು.

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ 'ಮನದ ಕಡಲು' ಚಿತ್ರೀಕರಣದಲ್ಲಿ ಒಬ್ಬ ಲೈಟ್‌ಬಾಯ್ ಸುಮಾರು 30 ಅಡಿ ಮೇಲಿಂದ ಬಿದ್ದು ತೀರಿಕೊಂಡ. 30 ಅಡಿಯಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿರುತ್ತಾನೆ. ಬೈಕಿನಲ್ಲಿ ಆ ವೇಗದಲ್ಲಿ ಹೋಗಿ ಗೋಡೆಗೆ ಗುದ್ದಿದ ಲೆಕ್ಕ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಯಾಕೆಂದು ನಿಮಗೆ ಗೊತ್ತು.

ಇದು ಈಗಿನವರ ಹೊಸ ರೋಗ ಅಂತ ತಿಳಿಯಬೇಡಿ. 1989ರ ಫೆಬ್ರವರಿ 8, ಮೈಸೂರಿನ ಪ್ರೀಮಿಯರ್ ಸ್ಟುಡಿಯೋ. 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ಸತ್ತರು. ನಟ, ನಿರ್ದೇಶಕ ಸಂಜಯ್ ಖಾನ್ ಸುಟ್ಟಗಾಯಗಳಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಆಮೇಲೆ ಹೊರಬಂದ ಕಾರಣಗಳನ್ನು ಒಂದೊಂದಾಗಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಸಡಿಲ ವೈರಿಂಗು. ಗಾಳಿಯಾಡಲು ದಾರಿ ಇಲ್ಲ. ಗೋಡೆಗೆ ಬೆಂಕಿ ತಡೆಯುವ ವಸ್ತುವಿನ ಬದಲು ಗೋಣಿಚೀಲ. ದೊಡ್ಡ ದೊಡ್ಡ ದೀಪಗಳ ಕಾವು. ಬೆಂಕಿ ಆರಿಸಲು ಮರಳು, ನೀರು, ಸಾಧನ ಇಲ್ಲ. ಇದರಲ್ಲಿ ಯಾವುದು ಗುಟ್ಟು? ಎಲ್ಲವೂ ಕಣ್ಣೆದುರಿಗಿನದು. ಒಂದು ಇದ್ದಿದ್ದರೆ ಏನೂ ಆಗದೇ ಹೋಗಬಹುದಿತ್ತು. ಐದೂ ಒಂದೇ ಕೋಣೆಯಲ್ಲಿ ಸೇರಿದವು. ಬೆಳಿಗ್ಗೆ ಒಬ್ಬ ಮಿಸ್ತ್ರಿ ಅರ್ಧ ತಾಸು ಒಳಗೆ ತಿರುಗಿದ್ದರೆ....

ಸ್ಟಾರುಗಳಿಗೂ ಬಿಡದ ಲೆಕ್ಕ

ಬಡ ಫೈಟರು, ಲೈಟ್‌ಬಾಯ್‌ಗಳ ಪಾಡು ಅಂತ ಅಭಿಮಾನಿ ಮಿತ್ರರು ಪುಟ ತಿರುಗಿಸಬೇಡಿ. ನಿಮ್ಮ ದೇವರುಗಳೂ ಈ ಲೆಕ್ಕದಿಂದ ಹೊರಗಿಲ್ಲ.

1982ರ ಜುಲೈ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ 'ಕೂಲಿ' ಚಿತ್ರದ ಹೊಡೆದಾಟ. ಪುನೀತ್ ಇಸ್ಸಾರ್ ಹೊಡೆದ ಹಾಗೆ ಮಾಡಬೇಕು, ಅಮಿತಾಭ್ ಬಚ್ಚನ್ ಮೇಜಿನ ಮೇಲೆ ಬೀಳಬೇಕು. ಜಿಗಿತದ ಲೆಕ್ಕ ಕೂದಲೆಳೆಯಷ್ಟು ತಪ್ಪಿತು, ಮೇಜಿನ ಮೂಲೆ ಹೊಟ್ಟೆಗೆ ಬಡಿಯಿತು. ಗಾಯ ಎಷ್ಟು ಆಳ ಎಂಬುದು ಆ ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ, ನಂತರ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದರು. ದೇಶವೇ ಗುಡಿ ಮಸೀದಿಗಳಲ್ಲಿ ಹರಕೆ ಹೊತ್ತಿತು. 1983ರಲ್ಲಿ ಚಿತ್ರ ಬಂದಾಗ ಆ ಏಟಿನ ಜಾಗದಲ್ಲಿ ದೃಶ್ಯ ನಿಲ್ಲಿಸಿ ತೋರಿಸಿದ್ದರು. ನಮ್ಮಪ್ಪ ಇವತ್ತಿಗೂ ಆ ಜಾಗ ಬಂದರೆ ಟಿವಿ ಮುಂದೆ ಉಸಿರು ಹಿಡಿಯುತ್ತಾರೆ. ಇಷ್ಟು ದೊಡ್ಡ ನಟ, ಇಷ್ಟು ದೊಡ್ಡ ಚಿತ್ರ, ಮತ್ತು ಒಂದು ಮೇಜಿನ ಚೂಪು ಮೂಲೆ. ಅದಕ್ಕೆ ಸ್ಪಂಜು ಸುತ್ತಲು ಎಷ್ಟು ಖರ್ಚಾಗುತ್ತಿತ್ತು?

ಶಂಕರನಾಗ್ ಅವರ ಹೆಸರು ಬರೆಯುವಾಗ ಕೈ ತಡೆಯುತ್ತದೆ. 1990ರ ಸೆಪ್ಟೆಂಬರ್ 30, ದಾವಣಗೆರೆ ಬಳಿಯ ಆನಗೋಡು. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೋಗುವ ದಾರಿಯಲ್ಲಿ ಕಾರು ಅಪಘಾತ. ವಯಸ್ಸು 35. ಅದು ರಸ್ತೆ ಅಪಘಾತ, ಸೆಟ್ಟಿನದಲ್ಲ ಅನ್ನಬಹುದು. ನನ್ನ ಲೆಕ್ಕದಲ್ಲಿ ಶೂಟಿಂಗಿಗೆ ಹೋಗುವ ದಾರಿಯೂ ಕೆಲಸದ ಜಾಗವೇ. ಇಲ್ಲಿ ರಾತ್ರಿ ಪ್ಯಾಕಪ್, ಬೆಳಗಾದರೆ ಮುನ್ನೂರು ಕಿಲೋಮೀಟರ್ ಆಚೆ ಇನ್ನೊಂದು ಸೆಟ್ಟು. ಸಾಮಾನಿನ ವ್ಯಾನಿನಲ್ಲಿ ನಾನೂ ಹಾಗೆ ಹೋಗಿದ್ದೇನೆ. ಚಾಲಕ ತೂಕಡಿಸದಿರಲಿ ಅಂತ ಪಕ್ಕ ಕೂತು ಹಾಡು ಹೇಳಿದ್ದೇನೆ. ನನ್ನ ಕಂಠ ಕೇಳಿದ ಮೇಲೆ ಯಾರಿಗೂ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು!

ಹಾಲಿವುಡ್ಡಿನ ಸಂಗತಿಯೂ ಒಂದಿದೆ. 2021ರ ಅಕ್ಟೋಬರ್ 21, ಅಮೆರಿಕದ ನ್ಯೂ ಮೆಕ್ಸಿಕೋ, 'ರಸ್ಟ್' ಚಿತ್ರ. ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ಪಿಸ್ತೂಲಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹೆಲಿನಾ ಹಚಿನ್ಸ್ ಸತ್ತರು. ಅಲ್ಲಿ 'ಕೋಲ್ಡ್ ಗನ್' ಎಂಬ ಮಾತಿದೆ, ಪಿಸ್ತೂಲು ಖಾಲಿ ಇದೆ ಅಂತ ಅರ್ಥ. ಅಂದೂ ಆ ಮಾತು ಹೇಳಿದ್ದರು. ಆದರೆ ಒಳಗಿನ ಒಂದೊಂದು ತೋಟಾ ತೆಗೆದು ಸರಿಯಾಗಿ ನೋಡಿರಲಿಲ್ಲ. ಅಷ್ಟು ದುಡ್ಡು, ಅಷ್ಟು ಕಾನೂನು ಇರುವ ದೇಶದಲ್ಲೂ ಬಾಯಿ ಮಾತು ಕಣ್ಣಿನ ಕೆಲಸ ಮಾಡಲಿಲ್ಲ. ಬಂದೂಕುಗಳ ಉಸ್ತುವಾರಿ ನೋಡುತ್ತಿದ್ದಾಕೆಗೆ 2024ರಲ್ಲಿ ಜೈಲಾಯಿತು.

ಅನುಭವಸ್ಥರಾದರೆ ಸಾಕೇ? 2025ರ ಜುಲೈಯಲ್ಲಿ ತಮಿಳುನಾಡಿನ ನಾಗಪಟ್ಟಣಂ ಕಡೆ ಕಾರು ಹಾರಿಸುವ ದೃಶ್ಯದಲ್ಲಿ ತೀರಿಕೊಂಡ ಎಸ್.ಎಂ. ರಾಜು ಪಳಗಿದ ಸ್ಟಂಟ್ ಕಲಾವಿದರು. ನೂರು ಸಲ ಗೆದ್ದವರಿಗೂ ನೂರಾ ಒಂದನೆಯದು ಹೊಸದೇ.

ಅಪಾಯಕ್ಕೂ ಒಂದು ಗಣಿತ

ದೊಡ್ಡ ಕಂಪನಿಗಳ ಕಟ್ಟಡದ ಸೈಟಿಗೆ ಹೋದರೆ ಅಲ್ಲಿ ಸೇಫ್ಟಿ ಆಫೀಸರ್ ಅಂತ ಒಬ್ಬರಿರುತ್ತಾರೆ. ಕೆಲಸ ಶುರುವಾಗುವ ಮುಂಚೆ ಕಾಗದದ ಮೇಲೆ ಬರೆಯುತ್ತಾರೆ. ಇಲ್ಲಿ ಏನೇನು ಕೆಡಬಹುದು? ಕೆಡುವ ಸಂಭವ ಎಷ್ಟು, 1ರಿಂದ 5ರೊಳಗೆ ಒಂದು ಅಂಕಿ. ಕೆಟ್ಟರೆ ಹಾನಿ ಎಷ್ಟು, ಅದಕ್ಕೂ 1ರಿಂದ 5. ಎರಡನ್ನೂ ಗುಣಿಸು. ಮೊತ್ತ ದೊಡ್ಡದಾದರೆ ಕೆಲಸ ನಿಲ್ಲಿಸು, ಇಳಿಸುವ ದಾರಿ ಹುಡುಕು, ಮತ್ತೆ ಗುಣಿಸು. ಮಾಮಾ ಇದನ್ನೇ ಕಾಗದ ಇಲ್ಲದೆ ಮಾಡುತ್ತಾರೆ. ಅವರ ಮಾತಿನಲ್ಲಿ, "ಕೈಗಿ ಸುತ್ತಿಗಿ ಬಡಿಯಾದು ದಿನಾ ಆಗ್ತದ, ಊದ್ಕೋತದ, ಹೋಗ್ತದ. ಮ್ಯಾಲಿಂದ ಬೀಳಾದು ವರ್ಷಕ್ಕೊಂದ್ಸಲ. ಆದ್ರ ಅದು ಒಂದೇ ಸಲ."

ಮುಂದಿನದು ಇಳಿಸುವ ದಾರಿ. ಇದರಲ್ಲಿ ಒಂದು ಸರದಿ ಇದೆ, ಸೇಫ್ಟಿಯವರು ಅದನ್ನು ಮಗ್ಗಿಯ ಹಾಗೆ ಹೇಳುತ್ತಾರೆ. ಎಲ್ಲಕ್ಕಿಂತ ಮೇಲು, ಆ ಅಪಾಯವೇ ಇಲ್ಲದ ಹಾಗೆ ಮಾಡುವುದು. ನಟ ನಿಜವಾಗಿ ಎತ್ತರದಿಂದ ಹಾರಲೇಬೇಕೇ? ನೆಲದ ಮೇಲೆ ನಿಲ್ಲಿಸಿ, ಕ್ಯಾಮೆರಾ ಕೋನ ಬದಲಿಸಿ, ಕಂಪ್ಯೂಟರಿನಲ್ಲಿ ಆಕಾಶ ಸೇರಿಸಿದರೆ ಆಗದೇ? ಆಗದಿದ್ದರೆ ಬದಲಿ, ಮನುಷ್ಯನ ಜಾಗಕ್ಕೆ ಗೊಂಬೆ, ನಿಜ ಬೆಂಕಿಯ ಜಾಗಕ್ಕೆ ದೀಪ. ಅದೂ ಆಗದಿದ್ದರೆ ಅಡ್ಡ ಕಟ್ಟು. ಬಲೆ, ಕಟಕಟೆ, ಗಾಳಿ ತುಂಬಿದ ಹಾಸಿಗೆ, ಸುತ್ತಲೂ ದೋಣಿ. ಆಮೇಲೆ ನಿಯಮ. ಯಾರು ಎಲ್ಲಿ ನಿಲ್ಲಬೇಕು, ಯಾವ ಸನ್ನೆಗೆ ನಿಲ್ಲಿಸಬೇಕು, ಎಷ್ಟು ತಾಸು ದುಡಿದ ಮೇಲೆ ಮಲಗಬೇಕು. ಎಲ್ಲಕ್ಕೂ ಕೊನೆಗೆ ಮೈಮೇಲಿನ ಬೆಲ್ಟು, ಹೆಲ್ಮೆಟ್ಟು, ಲೈಫ್ ಜಾಕೆಟ್ಟು.

ನಮ್ಮ ಸೆಟ್ಟುಗಳಲ್ಲಿ ಇದು ಉಲ್ಟಾ. ಕೊನೆಯದರಿಂದ ಶುರು ಮಾಡಿ ಅಲ್ಲಿಗೇ ಮುಗಿಸುತ್ತಾರೆ. "ಬೆಲ್ಟ್ ಕೊಟ್ಟಿದ್ವಲ್ಲ ಸಾರ್!" ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬಿದ್ದವನ ಹೊಟ್ಟೆ, ಬೆನ್ನೆಲುಬನ್ನೇ ಹಿಂಡುತ್ತದೆ. ಎತ್ತರಕ್ಕೆ ಬೇಕಾದದ್ದು ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಹಾರ್ನೆಸ್. ಅದನ್ನು ಗಟ್ಟಿ ಜಾಗಕ್ಕೆ ಸಿಕ್ಕಿಸಬೇಕು. ಅಲ್ಲಾಡುವ ಅಟ್ಟಣೆಗೇ ಸಿಕ್ಕಿಸಿದರೆ ಅಟ್ಟಣೆಯ ಸಮೇತ ಬೀಳುತ್ತಾನೆ.

ಎಲ್ಲರೂ ಹೀಗೆ ಅಂದರೆ ಅನ್ಯಾಯವಾಗುತ್ತದೆ. ಹಿಂದಿನ ದಿನವೇ ಬಂದು, ಮರಳುಮೂಟೆಗೆ ಹಗ್ಗ ಕಟ್ಟಿ ಎತ್ತಿ ಇಳಿಸಿ ನೋಡಿ, ಆಮೇಲೆ ಮಾತ್ರ ಹುಡುಗರಿಗೆ ಹಗ್ಗ ಕಟ್ಟಿದ ಸಾಹಸ ಮಾಸ್ಟರನ್ನೂ ನಾನು ಕಂಡಿದ್ದೇನೆ. ಫೈಟರುಗಳು ಒಬ್ಬರ ಗಂಟನ್ನು ಇನ್ನೊಬ್ಬರು ನೋಡುತ್ತಾರೆ, ಅದು ಅವರೊಳಗಿನ ಧರ್ಮ. ಆದರೆ ನಿರ್ಮಾಪಕರ ಬಡ್ಡಿ ಓಡುತ್ತಿರುವಾಗ, ಬೆಳಕು ಇಳಿಯುತ್ತಿರುವಾಗ, ಆ ಮಾಸ್ಟರು ಇವತ್ತು ಬೇಡ ಅಂದರೆ ನಾಳೆ ಬೇರೆ ಮಾಸ್ಟರು ಬರುತ್ತಾರೆ. ಇದೇ ಇಲ್ಲಿನ ದೊಡ್ಡ ಅಪಾಯ, ಇದಕ್ಕೆ ಯಾರೂ ಅಂಕಿ ಹಾಕುವುದಿಲ್ಲ.

ಕಾನೂನಿನ ಮಾತು ಎರಡೇ ಸಾಲಿನಲ್ಲಿ. ಕಟ್ಟಡ ಕಾರ್ಮಿಕರಿಗೆ 1996ರ ಕಾಯಿದೆ ಬಂದ ಮೇಲೆ ಕಲ್ಯಾಣ ಮಂಡಳಿ ಆಯಿತು, ಮಾಮಾನ ಜೇಬಿನಲ್ಲಿ ಅದರ ಕಾರ್ಡು ಇದೆ. ಸಿನಿಮಾ ಕೆಲಸಗಾರರ ಜೊತೆ ಲಿಖಿತ ಒಪ್ಪಂದ ಇರಬೇಕೆಂದು 1981ರಲ್ಲೇ ಕಾಯಿದೆ ಮಾಡಿದರು, 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಆಡಿಯೋ ವಿಷುವಲ್ ಕೆಲಸಗಾರರು ಎಂದು ಅವರನ್ನೂ ಸೇರಿಸಿದರು. ನನ್ನ ದೋಸ್ತನ ಕೈಯಲ್ಲಿದ್ದ ಕಾಗದ ಯಾವುದು ಗೊತ್ತೇ? ಊಟದ ಟೋಕನ್!

ಔರಾದದಲ್ಲಿ ಶೂಟಿಂಗ್

ಕಳೆದ ಚಳಿಗಾಲ ನಮ್ಮೂರಿನ ನಾಲ್ಕು ಹುಡುಗರು ಯೂಟ್ಯೂಬಿಗೆ ಒಂದು ಹಾಡು ಮಾಡಲು ಹೊರಟರು. ಮದುವೆ ಶೂಟಿಂಗ್ ಮಾಡುವ ಒಬ್ಬನ ಕ್ಯಾಮೆರಾ, ಬಾಡಿಗೆ ಲೈಟು, ಹೀರೋ ಕಿರಾಣಿ ಅಂಗಡಿಯ ಹುಡುಗ. ನಾನು ಊರಿನಲ್ಲಿದ್ದೇನೆ ಅಂತ ತಿಳಿದು "ಅಣ್ಣಾ, ನೀವು ಸಿನಿಮಾದೋರು, ಬರಬೇಕು" ಅಂದರು. ಹೋದೆ. ಸಿನಿಮಾದೋರು ಅನ್ನಿಸಿಕೊಂಡರೆ ಯಾರಿಗೆ ಖುಷಿ ಇಲ್ಲ?

ಜಾಗ ನೋಡಿದರೆ ಮಾಮಾ ಕಟ್ಟಿಸುತ್ತಿದ್ದ ಮಳಿಗೆಯ ಮೇಲಿನ ಸ್ಲ್ಯಾಬು. ಇನ್ನೂ ಕಟ್ಟೆ ಎದ್ದಿರಲಿಲ್ಲ, ಅಂಚು ಬೋಳು. ಸೂರ್ಯ ಮುಳುಗುವಾಗ ಹೀರೋ ಆ ಅಂಚಿನ ಕಡೆಗೆ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಕುಣಿಯಬೇಕು. ಲೈಟನ್ನು ಉದ್ದನೆಯ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಅದರ ತುದಿಯಿಂದ ಒಂದು ಮಾರು ಆಚೆ ಕರೆಂಟಿನ ತಂತಿ.

ಎದೆ ಧಸಕ್ಕೆಂದಿತು. ಈ ಸಲ ಬಾಯಿ ತೆರೆದೆ. "ನಿಂದ್ರಿ, ಪೈಪ್ ಕೆಳಗಿಳಸ್ರಿ!" ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಹುಡುಗರು ಗಾಬರಿಯಾಗಿ ನನ್ನ ಮುಖ ನೋಡಿದರು. ಡೈರೆಕ್ಟರ್ ಹುಡುಗ, "ಅಣ್ಣಾ, ಸೂರ್ಯ ಹೋಗ್ತಾನ್ರಿ" ಅಂದ. ಬೆಂಗಳೂರಿನ ಮ್ಯಾನೇಜರ ಮಾತೇ, ಆದರೆ ಮೆತ್ತಗೆ.

ಅಷ್ಟರಲ್ಲಿ ಮಾಮಾ ಬಂದರು. ಅವರಿಗೆ ಯಾರೋ ಫೋನು ಮಾಡಿದ್ದರು. ಬೈಯಲಿಲ್ಲ. ಮೊದಲು ಪೈಪನ್ನು ತಾವೇ ಹಿಡಿದು ಅಡ್ಡ ಮಲಗಿಸಿದರು. ಆಮೇಲೆ ಅಂಚಿನಿಂದ ದೂರ ನಿಂತು ಕೇಳಿದರು.

"ಏ ತಮ್ಮಾ, ನೋಡಾವ್ರಿಗಿ ಏನ್ ಕಾಣಬೇಕು?"

"ಹೀರೋ ಮ್ಯಾಲ ಅದಾನ, ಹಿಂದ ಬರೇ ಮುಗಿಲದ, ಹಂಗ ಕಾಣಬೇಕು ಕಾಕಾ."

"ಮುಗಿಲ ಕೆಳಗ ನಿಂತ್ರ ಕಾಣಲ್ಲೇನು?"

ಹಿತ್ತಲಿನಲ್ಲಿ ಇನ್ನೊಂದು ಮಳಿಗೆಗೆ ಅಡಿಪಾಯ ಮುಗಿಸಿ ಎರಡು ಅಡಿ ಎತ್ತರದ ಕಟ್ಟೆ ಎಬ್ಬಿಸಿದ್ದರು. ಮುಂದೆ ಖಾಲಿ ಹೊಲ. ಹೀರೋನನ್ನು ಅದರ ಮೇಲೆ ನಿಲ್ಲಿಸಿ, ಕ್ಯಾಮೆರಾದವನನ್ನು ಕೆಳಗೆ ಅಡ್ಡ ಮಲಗಲು ಹೇಳಿದರು. ಅವನು ಗೊಣಗುತ್ತಾ ಮಲಗಿದ, ಹೊಸ ಪ್ಯಾಂಟು. ಪರದೆಯಲ್ಲಿ ನೋಡಿ ಗೊಣಗುವುದು ನಿಲ್ಲಿಸಿದ. ಎರಡು ಅಡಿ ಕಟ್ಟೆ ಕೋಟೆಯ ಬುರುಜಿನ ಹಾಗೆ ಕಾಣುತ್ತಿತ್ತು, ಹಿಂದೆ ಕೆಂಪು ಮುಗಿಲು, ಅದರ ನಡುವೆ ಕಿರಾಣಿ ಅಂಗಡಿಯ ಹುಡುಗ ಸಾಕ್ಷಾತ್ ರೆಬೆಲ್ ಸ್ಟಾರು!

ಲೈಟಿಗೆ ಬಿದಿರು ತಂದರು. ತಂತಿಯ ಕಡೆ ಬೇಡ ಅಂತ ಹೊಲದ ಕಡೆ ನೆಟ್ಟರು. ಡೈರೆಕ್ಟರ್ ಹುಡುಗ ಕೈ ಎತ್ತಿ "ಸ್ಟಾ..." ಅಂದ. ಮಾಮಾ ಬಿದಿರಿಗೆ ಕಟ್ಟಿದ ಹಗ್ಗ ಹಿಡಿದು ಜಗ್ಗುತ್ತಿದ್ದರು. ಒಂದು ಸಲ, ಮತ್ತೊಂದು ಕಡೆ ಹೋಗಿ ಇನ್ನೊಂದು ಸಲ. ಸೂರ್ಯ ಅರ್ಧ ಇಳಿದಿದ್ದ. ಹುಡುಗ ಎತ್ತಿದ ಕೈ ಹಾಗೇ ಹಿಡಿದು ನಿಂತ. ಯಾರೂ ಕೂಗಲಿಲ್ಲ.

"ಹಾಂ, ಈಗ ಅನ್ರಿ ನಿಮ್ಮದು ಏನದ ಅದು" ಅಂದರು ಮಾಮಾ.

ಹಾಡು ಯೂಟ್ಯೂಬಿಗೆ ಬಂದಿದೆ. ಬಹಳ ಜನ ನೋಡಿಲ್ಲ, ಔರಾದ, ಸಂತಪುರದ ಕಡೆಯವರು ನೋಡಿದ್ದಾರೆ. ನಾನು ಅದನ್ನು ಭಾಲ್ಕಿಯ ದೋಸ್ತನಿಗೆ ಕಳಿಸಿದೆ. ರಾತ್ರಿ ಹತ್ತಕ್ಕೆ ಅವನ ಉತ್ತರ ಬಂತು:

"ಲೈಟ್ ಬರೋಬರಿ ಅದ."